ಕಾಯುವಾಗ ಓದಿದ್ದು

ಶಿಗ್ಗಾವಿಗೆ ಸಚಿವರು ಹನ್ನೊಂದಕ್ಕೆ ಬರ್ತಾರೆ ಅಂದರೆ ಎರಡಕ್ಕೆ ಬರ್ತಾರೆ. ಹಾನಗಲ್ಲಿನಲ್ಲೂ ಅಷ್ಟೇ, ಹಿರೇಕೆರೂರಿನಲ್ಲೂ ಅಷ್ಟೇ. ಸ್ಟ್ರಿಂಗರ್ ಕೆಲಸದಲ್ಲಿ ಬರೆಯೋದಕ್ಕಿಂತ ಕಾಯೋದೇ ಜಾಸ್ತಿ. ನಾವು ಆ ಹೊತ್ತಿನಲ್ಲಿ ಓದ್ತೇವೆ. (ವರದಿಯಲ್ಲಿ 'ನಾನು' ಬರಬಾರದು ಅಂತ ಡಿಪ್ಲೊಮಾ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಹಾಗಾಗಿ ಇಲ್ಲೂ ನಾವೇ. ಇರೋದು ಮಾತ್ರ ಒಬ್ಬರೇ, ಒಂದು ಬೈಕು.)

ನಮ್ಮ ಭಾಗದಲ್ಲಿ ಮೂರು ಉಪಚುನಾವಣೆ ಕಂಡಿದ್ದೇವೆ. 2019ರ ಡಿಸೆಂಬರಿನಲ್ಲಿ ಹಿರೇಕೆರೂರು, 2021ರ ಅಕ್ಟೋಬರಿನಲ್ಲಿ ಹಾನಗಲ್, 2024ರ ನವೆಂಬರಿನಲ್ಲಿ ಶಿಗ್ಗಾವಿ. ಸವಣೂರು ಶಿಗ್ಗಾವಿ ಕ್ಷೇತ್ರದಲ್ಲೇ ಬರುತ್ತೆ, ಹಾಗಾಗಿ ನಾಲ್ಕೂ ತಾಲ್ಲೂಕು ತಿರುಗಿದ್ದಾಯಿತು. ಕಾಲಂ ಲೆಕ್ಕದಲ್ಲಿ ದುಡ್ಡು ಎಣಿಸೋ ನಮ್ಮಂಥವರಿಗೆ ಉಪಚುನಾವಣೆ ಅಂದರೆ ಸುಗ್ಗಿ. ಓದಿಗೂ ಸುಗ್ಗಿಯೇ. ವೇದಿಕೆ ಮುಂದೆ ಕೆಂಪು ಕುರ್ಚಿ ಹಾಕಿ, ಮೈಕ್ ಟೆಸ್ಟಿಂಗ್ ನಡೆದು, ನಾಯಕರು ಬರೋವಷ್ಟರಲ್ಲಿ ಒಂದು ಸಣ್ಣ ಕಾದಂಬರಿ ಮುಗಿದೇ ಹೋಗುತ್ತೆ.

ಓದೋದೇನು ಅಂತ ಹೇಳಿದರೆ ಜೊತೆಯವರು ನಗ್ತಾರೆ. ಭೈರಪ್ಪ, ಅನಂತಮೂರ್ತಿ ಅಂದುಕೊಂಡಿರ್ತಾರೆ. ಬೈಕಿನ ಸೈಡ್ ಬ್ಯಾಗಿನಿಂದ ಬಾಲಮಂಗಳ ಹೊರಗೆ ಬಂದಾಗ ಒಬ್ಬ ಹಿರಿಯ ವರದಿಗಾರರು, 'ಏನ್ರೀ, ಇನ್ನೂ ಡಿಂಗನ್ನ ಬಿಟ್ಟಿಲ್ಲೇನು?' ಅಂದರು. ಬಿಟ್ಟಿಲ್ಲ. ಸವಣೂರಿನ ಒಂದು ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಕ್ಕವು, ಎರಡು ಕಿಲೋ ತಂದೆವು. ಡಿಂಗ ಹುಟ್ಟಿದ್ದು ಕೇರಳದಲ್ಲಿ. ಅಲ್ಲಿ ಅವನು ಡಿಂಕನ್, 1983ರಿಂದ ಮಲಯಾಳಂ ಬಾಲಮಂಗಳಂನಲ್ಲಿ ಹಾರಾಡಿದ ಇಲಿ. ಈಗ ಓದಿದರೆ ಕಥೆ ತೀರಾ ಸಾದಾ: ಯಾರೋ ಅಳ್ತಾರೆ, ಇಲಿ ಹಾರಿ ಬರುತ್ತೆ, ಗುದ್ದುತ್ತೆ, ಮುಗೀತು. ಆದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಶಾಲೆ ಪುಸ್ತಕದ ಆಚೆ ಕನ್ನಡ ಓದಲು ಮನಸ್ಸು ಬಂದಿದ್ದು ಆ ಇಲಿಯಿಂದ. ಚಿತ್ರ ನೋಡ್ತಾ ನೋಡ್ತಾ ಅಕ್ಷರ ಹಿಡಿದೆವು.

ಅಮರ ಚಿತ್ರ ಕಥೆಯ ಬಗ್ಗೆ ನಮ್ಮ ಅಭಿಪ್ರಾಯ ಅಷ್ಟು ಮೃದು ಅಲ್ಲ. ಆ ಸರಣಿಯ ಮೊದಲ ಹತ್ತು ಪುಸ್ತಕ ಬಂದಿದ್ದು ಕನ್ನಡದಲ್ಲಿ, 1965ರಲ್ಲಿ, ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ. ವಿಷಯ ಮಾತ್ರ ಹೊರಗಿನದು, ವಿದೇಶದ ಮಕ್ಕಳ ಕಥೆಗಳು. ಆಮೇಲೆ ಅನಂತ ಪೈ ಅವರ 'ಕೃಷ್ಣ' ಬಂತು, ಇಂಗ್ಲಿಷಿನಲ್ಲಿ, ಹನ್ನೊಂದನೇ ನಂಬರ್ ಹೊತ್ತು. ಮೊದಲು ಬಂದವರು ನಾವು, ಆಮೇಲೆ ಅನುವಾದದ ಸಾಲಿನಲ್ಲಿ ನಿಂತವರೂ ನಾವೇ. ಚಿತ್ರ ಚೆನ್ನ. ಮಾತು ಮಾತ್ರ ಮಠದ ಪ್ರವಚನದ ಹಾಗೆ. ಬಾಣ ನಾಟಿ ಸಾಯ್ತಿರೋ ಸೈನಿಕನೂ ವ್ಯಾಕರಣ ತಪ್ಪೋದಿಲ್ಲ.

ಹಾನಗಲ್ ತಾಲ್ಲೂಕಿನ ಒಂದು ಪಂಚಾಯ್ತಿ ಅರಿವು ಕೇಂದ್ರಕ್ಕೆ ಸುದ್ದಿ ಮಾಡಲು ಹೋಗಿದ್ದಾಗ, ಎಂಟನೇ ಕ್ಲಾಸಿನ ಹುಡುಗನೊಬ್ಬ ನೋಟ್‌ಬುಕ್ಕಿನ ಹಿಂದೆ ಪೆನ್ಸಿಲಿನಲ್ಲಿ ನರುಟೋ ಬರೆದಿದ್ದ. ಮುಳ್ಳಿನಂಥ ಕೂದಲು, ಹಣೆಗೆ ಪಟ್ಟಿ, ಎಲ್ಲಾ ಸರಿಯಾಗಿ. ನೋಡಿದ್ದು ಅಣ್ಣನ ಮೊಬೈಲಿನಲ್ಲಿ, ಹಿಂದಿಯಲ್ಲಿ. 'ಇದರ ಕನ್ನಡ ಪುಸ್ತಕ ಸಿಗ್ತಾವೇನ್ರಿ ಸರ್?' ಅಂದ. ಅಲ್ಲಿದ್ದ ಕಪಾಟಿನ ಕಡೆ ನೋಡಿದೆವು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಮಹಾಪುರುಷರ ಜೀವನ ಚರಿತ್ರೆ, ಮತ್ತೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಇಲ್ಲಪ್ಪ ಅಂದೆವು. ಅವತ್ತಿನ ಸುದ್ದಿಯಲ್ಲಿ ಹೊಸ ಕಂಪ್ಯೂಟರ್, ಬಣ್ಣದ ಗೋಡೆ ಎಲ್ಲಾ ಬಂತು, ಈ ಪ್ರಶ್ನೆ ಬರಲಿಲ್ಲ. ಜಾಗ ಇರಲಿಲ್ಲ ಅನ್ನಬಹುದು. ನಿಜ ಹೇಳಬೇಕೆಂದರೆ ಅದು ಸುದ್ದಿ ಅಂತ ನಮಗೇ ಅನಿಸಿರಲಿಲ್ಲ.

ಹದಿಹರೆಯದವರ ಪುಸ್ತಕ ಅಂತ ಇಂಗ್ಲಿಷಿನಲ್ಲಿ ಬೇರೆ ಕಪಾಟೇ ಇರುತ್ತೆ. ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಮುಗಿದ ಕೂಡಲೇ ದೊಡ್ಡವರ ಸಾಹಿತ್ಯ. ನಡುವೆ ಮೆಟ್ಟಿಲಿಲ್ಲ, ಹಾರಬೇಕು. ಹಾಗಂತ ಏನೂ ಬಂದಿಲ್ಲ ಅಂತಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ನಿಗೆ, 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'ಗೆ ಬಂತು. ಪ್ರಶಸ್ತಿ ಬಂದ ಸುದ್ದಿ ಎಲ್ಲಾ ತಾಲ್ಲೂಕಿಗೂ ತಲುಪಿತು. ಪುಸ್ತಕಗಳು ನಮ್ಮ ಕಣ್ಣಿಗೆ ಈ ನಾಲ್ಕು ಊರಿನ ಯಾವ ಬಸ್‌ಸ್ಟ್ಯಾಂಡಿನಲ್ಲೂ ಬೀಳಲಿಲ್ಲ.

ಹದಿನೈದರ ಹುಡುಗರಿಗೆ ಏನು ಕೊಡಲಿ ಅಂತ ಯಾರಾದರೂ ಕೇಳಿದರೆ ನಾವು ಈಗಲೂ ತೇಜಸ್ವಿಯವರ 'ಕರ್ವಾಲೊ' ಹೇಳ್ತೇವೆ. 1980ರದು, ಹದಿಹರೆಯದವರಿಗೆ ಅಂತ ಬರೆದಿದ್ದೂ ಅಲ್ಲ. ಹಾರುವ ಓತಿಗಾಗಿ ಓದಿದರೂ ಸರಿ. ನಮಗೆ ಮಾತ್ರ ಮಂದಣ್ಣನ ಮೇಲೆ ಜೀವ. ಅವನಿಗೆ ಹೆಣ್ಣು ಸಿಗಬೇಕಾದರೆ ಒಂದು ನೌಕರಿ ಬೇಕು. ಜೇನು, ಕಾಡು ಎಷ್ಟು ಬಲ್ಲವನಾದರೇನು! ಹಾವೇರಿ ಜಿಲ್ಲೆಯಲ್ಲಿ ನಾಲ್ಕೆಕರೆ ಗೋವಿನಜೋಳ ಬೆಳೆದು ಮೂವತ್ತೈದು ದಾಟಿ ಕುಳಿತ ಹುಡುಗರಿಗೆ ಆ ಭಾಗ ಓದಿ ಹೇಳಿದರೆ ಮೊದಲು ನಗ್ತಾರೆ, ಆಮೇಲೆ ಸುಮ್ಮನಾಗ್ತಾರೆ.

ಪ್ರೇಮ ಕಾದಂಬರಿಯ ವಿಷಯಕ್ಕೆ ಬರೋಣ. ಇದನ್ನೇ ಬರೆಯಬೇಕಿತ್ತು, ಸುತ್ತಿ ಬಂದೆವು.

ನಮ್ಮ ಜಿಲ್ಲೆಗೆ ಕಾದಂಬರಿ ಹೊಸದಲ್ಲ. ಹಾವೇರಿ ತಾಲ್ಲೂಕಿನ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿ, ಊರ ಹೆಸರಿನಿಂದಲೇ ಗಳಗನಾಥರಾದವರು, ತಾವು ಬರೆದ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಆ ಮನುಷ್ಯ ಓದುಗ ಇರುವಲ್ಲಿಗೇ ನಡೆದು ಹೋಗಿದ್ದ. ಆಮೇಲೆ ಆ ಕೆಲಸ ಮಾಡಿದ್ದು ವಾರಪತ್ರಿಕೆಗಳ ಧಾರಾವಾಹಿ ಮತ್ತು ಬಾಡಿಗೆ ಲೈಬ್ರರಿ. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ. ಇವರನ್ನೆಲ್ಲ ಅಡುಗೆಮನೆ ಸಾಹಿತ್ಯ ಅಂತ ಒಂದೇ ಚೀಲಕ್ಕೆ ತುಂಬಿದ್ದು ಗಂಡಸರ ಸೋಮಾರಿತನ. ಮದುವೆಗೆ ಕಥೆ ಮುಗಿಸೋದು ಸುಲಭ, ತ್ರಿವೇಣಿ ಅದರಾಚೆ ಹೋದರು. 'ಶರಪಂಜರ'ದ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದ ಮೇಲೆ ಮನೆಯೇ ಅವಳನ್ನು ನಂಬೋದಿಲ್ಲ. 1963ರಲ್ಲಿ ತೀರಿಕೊಂಡ ಲೇಖಕಿ ಬರೆದದ್ದು, ಹಾನಗಲ್ಲಿನ ಯಾವ ಓಣಿಯಲ್ಲೂ ಇವತ್ತಿಗೂ ಹಳತಾಗಿಲ್ಲ. ಸಾಯಿಸುತೆಯವರ ನಾಯಕಿಯರು ನಮಗೆ ಅತಿ ಒಳ್ಳೆಯವರು ಅನಿಸ್ತಾರೆ. ಒಮ್ಮೆಯಾದರೂ ಅತ್ತೆಗೆ ಎದುರು ಮಾತಾಡಲಿ ಅಂತ ಪುಟ ತಿರುವಿದ್ದೇವೆ.

ನಮ್ಮ ಮನೆಗೆ ಇವು ಬರ್ತಿದ್ದುದು ಅಕ್ಕನ ಕಾಲೇಜು ಬ್ಯಾಗಿನಲ್ಲಿ. ಅವಳು ಪಿಯುಸಿ, ನಾವು ಏಳನೇ ಕ್ಲಾಸು. ಹಾನಗಲ್ಲಿನ ಒಂದು ಅಂಗಡಿಯಲ್ಲಿ ದಿನಕ್ಕೆ ಒಂದು ರೂಪಾಯಿ ಬಾಡಿಗೆ. ಹಗೇವಿನ ಕೋಣೆಯಲ್ಲಿ, ಕಂದೀಲಿನ ಬೆಳಕಿಗೆ, ರೊಟ್ಟಿ ಬಡಿಯೋದು ಮುಗಿದ ಮೇಲೆ ಓದ್ತಿದ್ದಳು. ಒಂದು ದಿನ ನಮಗೂ ಅವಳಿಗೂ ಯಾವುದೋ ಸಣ್ಣ ವಿಷಯಕ್ಕೆ ಜಗಳ ಬಿತ್ತು, ಪೆನ್ನಿನದಿರಬೇಕು. ಅಪ್ಪ ಹೊಲದಿಂದ ಬಂದು ಕಾಲು ತೊಳೀತಿದ್ದಾಗ ಹೋಗಿ ಹೇಳಿಬಿಟ್ಟೆವು. 'ಅಕ್ಕ ಲವ್ ಕಾದಂಬರಿ ಓದ್ತಾಳ.'

ಅಪ್ಪ ಬೈಯಲಿಲ್ಲ. ಬ್ಯಾಗ್ ತಂದು, ಪುಸ್ತಕ ತೆಗೆದು, ಬಚ್ಚಲ ಒಲೆಗೆ ಹಾಕಿದರು. ಅವತ್ತು ನೀರು ಕಾಯಿಸಿದ್ದು ಅದೇ ಬೆಂಕಿ. ಬಾಡಿಗೆ ಅಂಗಡಿಯವರಿಗೆ ಪುಸ್ತಕದ ಪೂರ್ತಿ ದುಡ್ಡು ಕೊಟ್ಟು ಬಂದದ್ದು ಅವ್ವ, ಮೊಟ್ಟೆ ಮಾರಿದ ದುಡ್ಡಿನಲ್ಲಿ. ಮುಂದಿನ ವರ್ಷ ಅಕ್ಕನ ಮದುವೆ ಆಯಿತು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ನಾವು ಯಾರನ್ನೂ ಕೇಳಲಿಲ್ಲ. ಕೇಳೋ ಧೈರ್ಯ ಬರಲಿಲ್ಲ ಅನ್ನೋದೇ ಸರಿ.

ಅಕ್ಕ ಈಗ ಹಿರೇಕೆರೂರಿನಲ್ಲಿದ್ದಾಳೆ. ಮಗಳು ದ್ವಿತೀಯ ಪಿಯುಸಿ. ಹೋದ ತಿಂಗಳು ಅಲ್ಲಿಗೆ ಒಂದು ಪ್ರತಿಭಟನೆ ವರದಿಗೆ ಹೋಗಿ ಊಟಕ್ಕೆ ಅವಳ ಮನೆಗೆ ಹೋದೆವು. ತಾಟಿಗೆ ರೊಟ್ಟಿ ಹಾಕ್ತಾ ಅಕ್ಕ ದನಿ ಸಣ್ಣ ಮಾಡಿದಳು. 'ತಮ್ಮಾ, ಈಕಿ ರಾತ್ರಿ ಒಂದರ ತನಕ ಮೊಬೈಲ್ ಹಿಡ್ಕೊಂಡ್ ಕುಂಡ್ರತಾಳ. ಏನೋ ಪ್ರತಿಲಿಪಿ ಅಂತ, ಕಥಿ ಅಂತ. ಅವರಪ್ಪಗ ಗೊತ್ತಾದ್ರ ಕಾಲೇಜ್ ಬಿಡಸ್ತಾರ. ನೀ ಪೇಪರಿನಾಂವ, ನೋಡಿ ಹೇಳು, ಅದರಾಗ ಏನರ ಕೆಟ್ಟದ್ದು ಐತೇನು.'

ಹುಡುಗಿ ಮೊಬೈಲ್ ಕೊಟ್ಟಳು. ಕೊಡುವಾಗ ನಮ್ಮ ಮುಖ ನೋಡಲಿಲ್ಲ. ಬೇಸಿನಲ್ಲಿ ಕೈ ತೊಳೆದು, ದುರ್ಗಾದೇವಿ ಕೆರೆ ಏರಿ ಮೇಲೆ ಹೋಗಿ ಕುಳಿತು ಓದಿದೆವು. ಆ ಆ್ಯಪಿನ ಕಥೆಗಳು ನಮಗೆ ಹೊಸತಲ್ಲ, ಶಿಗ್ಗಾವಿ ಚುನಾವಣೆಯಲ್ಲೇ ಹತ್ತಿಪ್ಪತ್ತು ಓದಿದ್ದೆವು. ನಾಯಕನಿಗೆ ಬೆಂಗಳೂರಿನಲ್ಲಿ ಕಂಪನಿ, ಕೋಪ ಜಾಸ್ತಿ, ಕರಾರಿನ ಮೇಲೆ ಮದುವೆ. ಯಾರ ಮನೆಯಲ್ಲೂ ಎಮ್ಮೆ ಇಲ್ಲ, ಯಾರೂ ಹಾನಗಲ್ ಬಸ್ಸಿಗೆ ಕಾಯೋದಿಲ್ಲ. ನಮ್ಮ ಕಡೆ ಮಾತಾಡೋ ಪಾತ್ರ ಬಂದರೆ ನಗಿಸೋದಕ್ಕೆ. ಕಾಗುಣಿತ ತಪ್ಪು ಬೇಕಾದಷ್ಟು. ಆದರೆ ಭಾಗ ಎಲ್ಲಿ ನಿಲ್ಲಿಸಬೇಕು ಅನ್ನೋದು ಬರೆಯುವವರಿಗೆ ಗೊತ್ತು. ಎಂಟನೇ ಭಾಗದ ಕೊನೆಯಲ್ಲಿ ಹುಡುಗಿ ಕರಾರಿನ ಕಾಗದ ಮೇಜಿನ ಮೇಲೆ ಬಿಟ್ಟು, ರಾತ್ರಿ ಬಸ್ಸಿಳಿದು, ತವರಿನ ಬಾಗಿಲು ತಟ್ಟುತ್ತಾಳೆ. ಒಳಗಿಂದ ಯಾರು ಅಂತ ಕೇಳ್ತಾರೆ. ಅಷ್ಟೇ. ಒಂಬತ್ತನೇ ಭಾಗ ನಾಳೆ. ಈಗಲೇ ಬೇಕಾದರೆ ನಾಣ್ಯ ಕೊಡಬೇಕು.

ಕೆಳಗೆ ಓದುಗರು ಬರೆದದ್ದನ್ನೂ ಓದಿದೆವು. ಕಥೆಗಿಂತ ಅದು ಹೆಚ್ಚು ಹಿಡಿಸಿತು. ಬಾಗಿಲು ತೆಗೀಬೇಕೋ ಬೇಡವೋ ಅಂತ ಹೆಣ್ಣುಮಕ್ಕಳು ದೊಡ್ಡ ಚರ್ಚೆ ನಡೆಸಿದ್ದರು. ಅಪ್ಪ ತೆಗೆಯೋದಿಲ್ಲ, ಅವ್ವ ತೆಗೀತಾಳೆ ಅಂತ ಒಬ್ಬಳು. ಅವ್ವನಿಗೆ ಅಷ್ಟು ಅಧಿಕಾರ ಯಾರ ಮನೆಯಲ್ಲಿದೆ ಅಂತ ಇನ್ನೊಬ್ಬಳು.

ಮನೆಗೆ ಬಂದಾಗ ಅಕ್ಕ ಮೆಣಸಿನಕಾಯಿ ತೊಟ್ಟು ಮುರೀತಿದ್ದಳು. 'ಏನೈತಿ ಅದರಾಗ?'

'ನೀ ಓದ್ತಿದ್ದಿಯಲ್ಲ, ಅಂಥದ್ದ,' ಅಂದೆವು.

ಅವಳು ತಲೆ ಎತ್ತಲಿಲ್ಲ. ನಾಲ್ಕಾರು ಕಾಯಿ ಮುರಿದಳು. 'ಅದನ್ನ ಸುಟ್ಟಾಗ ಇನ್ನ ಹತ್ತು ಪುಟ ಓದೂದು ಉಳಿದಿತ್ತು,' ಅಂದಳು. ಮತ್ತೆ ಸ್ವಲ್ಪ ಹೊತ್ತಿಗೆ, 'ಅಪ್ಪಗ ಯಾರ್ ಹೇಳಿದ್ರು ಅನ್ನೂದೂ ನನಗ ಗೊತ್ತೈತಿ.'

ತಪ್ಪಾತು ಅಂತ ಹೇಳಲು ಬಾಯಿ ತೆರೆದೆವು. ಅವಳು ಕೈ ಅಡ್ಡ ಹಿಡಿದಳು. ಖಾರದ ಕೈ. 'ಹೋಗ್ಲಿ ಬಿಡು, ನೀ ಆಗ ಸಣ್ಣಾಂವ.' ಆಮೇಲೆ ಮಗಳನ್ನು ಕರೆದು, 'ಹನ್ನೊಂದಕ್ಕ ಮಲ್ಕೋಬೇಕು ನೋಡು ಮತ್ತ,' ಅಂದಳು. ಹನ್ನೊಂದರ ಮೇಲೆ ಇಬ್ಬರಿಗೂ ಚೌಕಾಶಿ ನಡೆಯಿತು. ಹನ್ನೊಂದೂವರೆಗೆ ಇತ್ಯರ್ಥವಾಯಿತು. ಮಾವನವರಿಗೆ ಏನು ಹೇಳೋದು ಅನ್ನೋದು ಹಾಗೇ ಉಳಿದಿದೆ. ಅವರು ಕೇಳಿದರೆ ಉತ್ತರ ಕೊಡಬೇಕಾದವರು ನಾವು.

ಸುಟ್ಟ ಪುಸ್ತಕದ ಹೆಸರು ಅಕ್ಕನಿಗೆ ನೆನಪಿಲ್ಲ. ಸಾಯಿಸುತೆಯವರದೋ ಉಷಾ ನವರತ್ನರಾಂ ಅವರದೋ, ಅದೂ ಖಾತ್ರಿಯಿಲ್ಲ. ಮುಖಪುಟದಲ್ಲಿ ಹಸಿರು ಸೀರೆಯ ಹುಡುಗಿ, ಹಿಂದೆ ರೈಲು, ನಾಯಕನ ಹೆಸರು ಶಶಾಂಕ. ಇಷ್ಟೇ ಗುರುತು. ಸವಣೂರಿನ ರದ್ದಿ ಅಂಗಡಿಯವರಿಗೆ ಹೇಳಿಟ್ಟಿದ್ದೇವೆ. 'ಕಾದಂಬರಿ ಬಂದ್ರ ತೆಗೆದಿಡ್ತೇನ್ರಿ, ಆದ್ರ ಕಡೀ ಪುಟ ಇರೂದು ಗ್ಯಾರಂಟಿ ಇಲ್ಲ,' ಅಂದಿದ್ದಾರೆ. ಮೊನ್ನೆ ಬಂಕಾಪುರದ ಹತ್ತಿರ ಒಂದು ಉದ್ಘಾಟನೆಗೆ ಕಾಯ್ತಾ ಕುಳಿತಿದ್ದಾಗ ಹಿರೇಕೆರೂರಿನಿಂದ ಮೆಸೇಜ್ ಬಂತು: 'ಮಾಮಾ, ಒಂಬತ್ತನೇ ಭಾಗದಾಗ ಬಾಗ್ಲಾ ಅಜ್ಜಿ ತೆಗೀತಾಳ.'