ಯಾರ ಹೊಲದ ಕಾಯಿ

ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್ 1839ರಲ್ಲಿ ಗುಬ್ಬಿಗೆ ಬಂದಾಗ ಇಪ್ಪತ್ತರ ತರುಣ. ಆರೋಗ್ಯ ಕೆಟ್ಟು 1841ರಲ್ಲೇ ಹಿಂದಿರುಗಬೇಕಾಯಿತು. ಆದರೂ ಮೈಸೂರು ಸೀಮೆಯಲ್ಲಿ ಕಂಡದ್ದನ್ನು 1847ರಲ್ಲಿ ಪುಸ್ತಕ ಮಾಡಿದರು. ಇಲ್ಲಿನವರು ದಿನಾ ನೋಡಿಯೂ ಗಮನಿಸದೆ ಬಿಟ್ಟದ್ದು ಅವರಿಗೆ ಬರೆಯುವಂಥ ಸಂಗತಿಯಾಗಿತ್ತು. ಅಂಥ ಹೊಸ ಕಣ್ಣು ನಮ್ಮ ಚರ್ಚಿಗೂ ಬೇಕಿತ್ತು ಅನ್ನಿಸಿದ್ದು ಹೋದ ಸುಗ್ಗಿಹಬ್ಬದಲ್ಲಿ.

ಪಕ್ಕದ ಮನೆಗೆ ಬರಗೂರಿನಿಂದ ಅಜ್ಜಿಯೊಬ್ಬರು ಬಂದಿದ್ದರು. ಚರ್ಚಿನೊಳಗೆ ಎಂದೂ ಕಾಲಿಟ್ಟವರಲ್ಲ. ‘ಸುಗ್ಗಿಹಬ್ಬ’ ಅಂದದ್ದು ಕಿವಿಗೆ ಬಿದ್ದು, ‘ನಾನೂ ಬತ್ತೀನಿ ಕಣಪ್ಪ’ ಅಂತ ಹೊರಟರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ನಾನೂ ಬಿಟ್ಟೆ.

ಪೀಠದ ಮುಂದೆ ಕಬ್ಬಿನ ಜಲ್ಲೆ, ಬಾಳೆಗೊನೆ, ಕುಂಬಳಕಾಯಿ, ರಾಗಿ, ಒಂದು ಮಂಕರಿ ಕಡ್ಲೆಕಾಯಿ. ಆರಾಧನೆ ಮುಗಿಯುವವರೆಗೂ ಅಜ್ಜಿಯ ಕಣ್ಣು ಅಲ್ಲೇ ಇತ್ತು. ಹರಾಜಿಗೆ ಎಲ್ಲವನ್ನೂ ಹೊರಗೆ ತಂದಾಗ ಒಂದು ಕಾಯಿ ಬಿಡಿಸಿದರು. ಬೀಜ ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದರು.

‘ಚೆನ್ನಾಗಿ ಕಟ್ಟೈತೆ. ಯಾರ ಹೊಲದ್ದು? ಮಳೆ ಯಾವ ಕಡೆ ಬಂದಿತ್ತು?’

ನನಗೆ ಗೊತ್ತಿರಲಿಲ್ಲ. ಜೋಡಿಸಿದವರನ್ನು ಕೇಳಿದೆ. ಮಾರ್ಕೆಟ್ಟಿನಿಂದ ತಂದದ್ದು ಅಂದರು.

ಶಿರಾ, ಪಾವಗಡದ ಕಡೆ ಶೇಂಗಾ ಬಿತ್ತಿದವರು ಮುಗಿಲು ನೋಡುತ್ತ ಕೂರುವುದು ಹೇಗೆಂದು ಆ ಅಜ್ಜಿಗೆ ಗೊತ್ತು. ಹೂ ಬಿಟ್ಟು ಹೂಡು ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಬಳ್ಳಿ ಕಿತ್ತಾಗ ಸಿಗುವುದು ಜೊಳ್ಳೇ. ಅದನ್ನು ಉಂಡವರ ಪ್ರಶ್ನೆ ಅದು. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ರೈತ ತನ್ನ ಭೂಮಿಯ ಪ್ರಥಮ ಫಲವನ್ನು ಪುಟ್ಟಿಯಲ್ಲಿಟ್ಟು ತಾನೇ ಹೊತ್ತು ತರುತ್ತಾನೆ, ತನ್ನ ಹಿರಿಯರು ಎಲ್ಲಿಂದ ಬಂದರು, ಏನು ಪಾಡುಪಟ್ಟರು ಎಂದು ದೇವರ ಮುಂದೆ ನಿಂತು ಹೇಳುತ್ತಾನೆ. ಪ್ರತಿ ಸುಗ್ಗಿಗೂ ಓದಿಸಿಕೊಂಡು ಕೇಳಿದ್ದೇವೆ. ನಮ್ಮ ಪೀಠದ ಮುಂದಿನ ಕಾಯಿಗೆ ಮಾತ್ರ ಹೇಳಿಕೊಳ್ಳಲು ಊರೇ ಇರಲಿಲ್ಲ.

ಸಭೆಯಲ್ಲಿ ಮಧುಗಿರಿ, ಕೊರಟಗೆರೆ ಕಡೆ ಜಮೀನು ಉಳಿಸಿಕೊಂಡವರಿದ್ದಾರೆ. ಒಂದು ಸೇರು ರಾಗಿಯಾದರೂ ಸಾಕು, ಬೆಳೆದವರೇ ತರಲಿ, ಯಾವ ಹೊಲದ್ದೆಂದು ಎಲ್ಲರೆದುರು ಹೇಳಲಿ. ಬೆಳೆ ಹೋದ ವರ್ಷ ಬರಿಗೈಲಿ ಬಂದು ಅದನ್ನೂ ಹೇಳಲಿ. ಸಭಾಪಾಲಕರನ್ನು ಹೀಗೆಂದು ಕೇಳಿಕೊಂಡಿದ್ದೇನೆ.