ಹರಾಜಿನ ದಿನ ಕಬ್ಬನ್ ಪಾರ್ಕಿನಲ್ಲಿ

ಆಗೆಲ್ಲ ಶನಿವಾರ ಅಂದರೆ ತಿಪಟೂರಲ್ಲಿ ಕೊಬ್ಬರಿ ಹರಾಜು. ಅವತ್ತು ಮಾರ್ಕೆಟ್ ಬಿಟ್ಟು ಊರಾಚೆ ಹೊರಡುವುದು ನಮ್ಮ ಕಡೆಯವರಿಗೆ ಸುಲಭದ ಮಾತಾಗಿರಲಿಲ್ಲ. ಆದರೂ ಕೇಳ್ರೋ ಮಕ್ಕಳಾ, 2017ರ ನವೆಂಬರ್ 25ರ ಶನಿವಾರ ನಮ್ಮ ಸೋದರಮಾವ ನನ್ನ ಜೊತೆ ಬೆಂಗಳೂರಿನ ರೈಲು ಹತ್ತಿದರು. "ಕೊಬ್ಬರಿ ಅಟ್ಟದ ಮೇಲೆ ಇನ್ನೊಂದು ವಾರ ಇರ್ಲಿ ಬಿಡಪ್ಪ. ಆ ಹುಡುಗನ ಆಟ ನೋಡ್ಕಂಡ್ ಬರಾಣ" ಅಂದಿದ್ದರು.

ಹುಡುಗ ಅಂದರೆ ಟೆನಿಸ್ ಆಟಗಾರ ಸುಮಿತ್ ನಾಗಲ್. ಹರಿಯಾಣದ ಮೇಷ್ಟ್ರೊಬ್ಬರ ಮಗ. ಚಿಕ್ಕವನಿದ್ದಾಗಲೇ ಹಿರಿಯ ಆಟಗಾರ ಮಹೇಶ್ ಭೂಪತಿಯವರ ಕಣ್ಣಿಗೆ ಬಿದ್ದು, ಬೆಂಗಳೂರಿಗೆ ಬಂದು ಆಟ ಕಲಿತವನು. 2015ರಲ್ಲಿ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದಿದ್ದ. ದೊಡ್ಡವರ ಸಾಲಿಗೆ ಬಂದ ಮೇಲೆ ರ‍್ಯಾಂಕಿಂಗ್ ಮುನ್ನೂರರ ಆಚೆ ಉಳಿದಿತ್ತು.

ನಾವು ನೋಡಲು ಹೊರಟಿದ್ದ ಬೆಂಗಳೂರು ಓಪನ್ ಆಗಿನ್ನೂ ಹೊಸ ಟೂರ್ನಿ, 2015ರಲ್ಲಿ ಶುರುವಾದದ್ದು. ಪುರುಷರ ವೃತ್ತಿಪರ ಟೆನಿಸ್ಸಿನ ಎಟಿಪಿ ಟೂರ್‌ಗೆ ಒಂದು ಮೆಟ್ಟಿಲು ಕೆಳಗಿನ ಚಾಲೆಂಜರ್ ಮಟ್ಟದ್ದು. ಇಂಥದ್ದು ನಮ್ಮಲ್ಲೇ ನಡೆಯದಿದ್ದರೆ ನಮ್ಮ ಹುಡುಗರು ರ‍್ಯಾಂಕಿಂಗ್ ಪಾಯಿಂಟಿಗಾಗಿ ದೇಶ ದೇಶ ಅಲೆಯಬೇಕು. ವಿಮಾನ, ಕೋಚು, ಎರಡಕ್ಕೂ ಕೈಯಿಂದಲೇ ದುಡ್ಡು. ಮೊದಲ ಸುತ್ತಲ್ಲೇ ಸೋತರೆ ಬಂದ ಹಣ ದಾರಿ ಖರ್ಚಿಗೂ ಸಾಲದು. ಎಷ್ಟೋ ಒಳ್ಳೇ ಆಟಗಾರರು ಸಾಲದೇ ಹೋದದ್ದು ಆಟದಲ್ಲಲ್ಲ, ದುಡ್ಡಿನಲ್ಲಿ. ಅದು ನನಗೆ ಇವತ್ತಿಗೂ ಸಂಕಟ.

ಕಬ್ಬನ್ ಪಾರ್ಕಿನ ಒಳಗೇ ಇರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ, ಅಂದರೆ ಕೆಎಸ್‌ಎಲ್‌ಟಿಎ ಅಂಗಳಕ್ಕೆ ಹೋದ ಮೇಲೆ ಮಾವ ಮೊದಲು ಮಾಡಿದ ಕೆಲಸ, ಖಾಲಿ ಬಿದ್ದಿದ್ದ ಕೋರ್ಟೊಂದರ ಅಂಚಿಗೆ ಬಗ್ಗಿ ನೆಲ ಸವರಿದ್ದು. ಗಟ್ಟಿ ತಳದ ಮೇಲೆ ಮರಳು ಬೆರೆಸಿದ ಅಕ್ರಿಲಿಕ್ ಬಣ್ಣ ಬಳಿದಿರುತ್ತಾರೆ. ಬೆರಳಿಗೆ ತರಿತರಿ ಹತ್ತುತ್ತೆ. "ಸಾರಿಸಿದ ಕಣ ಇದ್ದಂಗೈತೆ, ಒಂದ್ ಚೂರು ಏರಿಳಿತ ಇಲ್ವಲ್ಲೋ" ಅಂದರು. ಅದಕ್ಕೇ ಚೆಂಡು ಒಂದೇ ಸಮ ಪುಟಿಯುತ್ತೆ. ಆದರೆ ಓಡಿ ಓಡಿ ತಟ್ಟನೆ ನಿಲ್ಲುವ ಆಟಗಾರನ ಮಂಡಿ, ಕಣಕಾಲಿಗೆ ಆ ನೆಲ ಕರುಣೆ ತೋರಿಸುವುದಿಲ್ಲ. ಟಿವಿಯಲ್ಲಿ ಕೇಳದ ಬೂಟಿನ ಕಿರ್‌ ಸದ್ದು ಅಲ್ಲಿ ಪ್ರತಿ ಹೊಡೆತಕ್ಕೂ ಕೇಳುತ್ತಿತ್ತು.

ಹಿಂದಿನ ದಿನವಷ್ಟೇ ಸುಮಿತ್, ರ‍್ಯಾಂಕಿಂಗಿನಲ್ಲಿ ತನಗಿಂತ ಬಹಳ ಮುಂದಿದ್ದ ಯೂಕಿ ಭಾಂಬ್ರಿಯನ್ನು ಸೋಲಿಸಿದ್ದ. ಫೈನಲ್‌ನಲ್ಲಿ ಎದುರಾದವನು ಬ್ರಿಟನ್ನಿನ ಜೇ ಕ್ಲಾರ್ಕ್, ಹತ್ತೊಂಬತ್ತರ ಹುಡುಗ. ಮೊದಲ ಸೆಟ್ 6-3 ನಮ್ಮವನಿಗೆ. ಎರಡನೆಯದು ಅದೇ 6-3, ಕ್ಲಾರ್ಕ್‌ಗೆ. ಮಾವ ಮಾತು ನಿಲ್ಲಿಸಿದರು. ಮೂರನೆಯದರಲ್ಲಿ ಸುಮಿತ್ 6-2ಕ್ಕೆ ಮುಗಿಸಿಯೇಬಿಟ್ಟ. ಅವನ ಮೊದಲ ಚಾಲೆಂಜರ್ ಪ್ರಶಸ್ತಿ ಅದು. ಗ್ಯಾಲರಿಯೆಲ್ಲ ಎದ್ದು ನಿಂತಿತ್ತು, ಮಾವನೂ ಟವೆಲ್ ಬೀಸುತ್ತಿದ್ದರು.

ಮರುವರ್ಷ ಅದೇ ಅಂಗಳದ ಫೈನಲ್‌ನಲ್ಲಿ ಇಬ್ಬರೂ ಭಾರತದವರೇ. ಪ್ರಜ್ಞೇಶ್ ಗುಣೇಶ್ವರನ್, ಸಾಕೇತ್ ಮೈನೇನಿಯನ್ನು ಸೋಲಿಸಿದರು. ಇನ್ನು 2019ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮಾವನ ಫೋನು. ಯುಎಸ್ ಓಪನ್‌ನಲ್ಲಿ ಸುಮಿತ್, ಫೆಡರರ್ ವಿರುದ್ಧ ಮೊದಲ ಸೆಟ್ 6-4ಕ್ಕೆ ಗೆದ್ದಿದ್ದ. "ನೋಡ್ತಿದೀಯೇನೋ? ನಮ್ ಹುಡುಗ ಕಣೋ!" ಉಳಿದ ಮೂರೂ ಸೆಟ್ ಫೆಡರರ್ ಗೆದ್ದರು. ಮಾವ ಮಾತ್ರ ಆ ವಾರವೆಲ್ಲ ಮಾರ್ಕೆಟ್ಟಿನಲ್ಲಿ ಸಿಕ್ಕವರಿಗೆಲ್ಲ ಮೊದಲ ಸೆಟ್ಟಿನ ಕಥೆಯನ್ನೇ ಹೇಳಿದರು.