ಆರುವ ಮುನ್ನ

ಹಳೇ ಕಾರಿಗೆ ಬರುವ ಕಾಯಿಲೆಗಳಲ್ಲಿ ನನಗೆ ಬಲು ಇಷ್ಟವಾದದ್ದು ಒಂದಿದೆ. ಬೆಳಗಿನ ಚಳಿಯಲ್ಲಿ ಕಾರು ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ದೊಡ್ಡಬಳ್ಳಾಪುರ ದಾಟಿ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬರುವಾಗಲೂ ತಕರಾರಿಲ್ಲ. ತೂಬಗೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಇಂಜಿನ್ ಸುಮ್ಮನೆ ಸುತ್ತುತ್ತದೆ, ಹತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆ ಕಾದರೆ ತಾನಾಗಿಯೇ ಹೊರಡುತ್ತದೆ. ರಾತ್ರಿ ಗ್ಯಾರೇಜಿನಲ್ಲಿ ಬಿಟ್ಟು ಬಂದರಂತೂ ಬೆಳಿಗ್ಗೆ ಮೆಕ್ಯಾನಿಕ್ಕಿನ ಕೈಗೆ ಸಿಗುವುದು ಪೂರ್ತಿ ಆರೋಗ್ಯವಾಗಿರುವ ಕಾರು.

ನನ್ನದು ಪೆಟ್ರೋಲ್ ಅಂಬಾಸಿಡರ್, 1489 ಸಿ.ಸಿ. ಇಂಜಿನ್ನಿನದು. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಇದರ ತಯಾರಿಕೆಯನ್ನೇ ನಿಲ್ಲಿಸಿತು. ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿ ರೂಪಿಸಿದ ಈ ಇಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಒಳಹೋಗುವ ದಾರಿ, ಹೊಗೆ ಹೊರಬರುವ ದಾರಿ ಎರಡೂ ಒಂದೇ ಮಗ್ಗುಲಿಗಿವೆ. ಹಾಗಾಗಿ ಕಾರ್ಬೊರೇಟರ್ ಕೂತಿರುವುದು ಕಾದ ಎಕ್ಸಾಸ್ಟಿನ ನೆತ್ತಿಯ ಮೇಲೆ. ಕಾರು ಓಡುತ್ತಿರುವಷ್ಟು ಹೊತ್ತು ಫ್ಯಾನಿನ ಗಾಳಿ, ರೇಡಿಯೇಟರಿನ ನೀರು, ಟ್ಯಾಂಕಿನಿಂದ ಬರುವ ತಣ್ಣನೆ ಪೆಟ್ರೋಲ್ ಮೂರೂ ಸೇರಿ ಎಲ್ಲವನ್ನೂ ಹದದಲ್ಲಿಡುತ್ತವೆ. ಕೀ ಆಫ್ ಮಾಡಿದೊಡನೆ ಮೂರೂ ನಿಂತುಹೋಗುತ್ತವೆ, ಕಬ್ಬಿಣದೊಳಗಿನ ಕಾವು ಮಾತ್ರ ಉಳಿಯುತ್ತದೆ. ಒಲೆಯಿಂದ ಇಳಿಸಿದ ಮಡಕೆಯಲ್ಲಿ ಸಾರು ಇನ್ನೂ ಕೊತಕೊತ ಕುದಿಯುವ ಹಾಗೆ, ಬಾನೆಟ್ಟಿನ ಕೆಳಗೆ ಸೆಕೆ ಏರುವುದು ಇಂಜಿನ್ ನಿಂತ ಮೇಲೆಯೇ. ಓಡುವಾಗ ಇಲ್ಲದ ರೋಗ ನಿಂತಾಗ ಬರುವುದು ಇದರಿಂದ.

ಪೆಟ್ರೋಲ್ ಹಲವು ದ್ರವಗಳ ಬೆರಕೆ. ಅದರಲ್ಲಿ ಹಗುರವಾದ ಪಾಲು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತದೆ. ಎಥೆನಾಲ್ ಬೆರೆಸಿದರೆ ಆವಿಯಾಗುವ ಗುಣ ಹೆಚ್ಚುತ್ತದೆ. ನಮ್ಮ ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರೇ 97 ಡಿಗ್ರಿಗೆ ಕುದಿಯುವಾಗ ಪೆಟ್ರೋಲ್ ಇನ್ನೂ ಬೇಗ ಮಣಿಯುತ್ತದೆ. ಕಾರ್ಬೊರೇಟರಿನ ಬಟ್ಟಲಲ್ಲಿ ಕುದಿದರೆ ಉಕ್ಕಿ ಒಳಗೆ ಸುರಿದು ಇಂಜಿನ್ ಪೆಟ್ರೋಲ್ ಕುಡಿದು ಕೂರುತ್ತದೆ. ಪಂಪಿನಲ್ಲೋ ಪೈಪಿನಲ್ಲೋ ಆವಿಯಾದರೆ ಪೆಟ್ರೋಲ್ ಮೇಲೇರುವುದೇ ಇಲ್ಲ. ಅದನ್ನೇ ನಮ್ಮ ಕಡೆ ಏರ್ ಲಾಕ್ ಅನ್ನುತ್ತಾರೆ. ಒಂದೇ ಸೆಕೆಯಿಂದ ಒಂದು ಕಡೆ ಅತಿವೃಷ್ಟಿ, ಇನ್ನೊಂದು ಕಡೆ ಬರ! ಇವೆರಡೂ ಅಲ್ಲದಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್, ಕಂಡೆನ್ಸರ್, ಇಂಜಿನ್ ಸುತ್ತಿಸುವ ಸೆಲ್ಫ್ ಮೋಟಾರುಗಳ ಮೇಲೆ ಅನುಮಾನ ಪಡಬೇಕು.

ಬಾನೆಟ್ ಎತ್ತಿದ್ದೇ ತಡ, ನಮ್ಮೂರುಗಳಲ್ಲಿ ಜನ ಸೇರುತ್ತಾರೆ. ಅದು ನನಗೆ ಖುಷಿಯ ಸಂಗತಿ. ಒಂದು ಸಲ ತೂಬಗೆರೆಯಲ್ಲಿ ಹೀಗೆ ನಿಂತಾಗ ಟೀ ಅಂಗಡಿಯವರು ಒದ್ದೆ ಬಟ್ಟೆ ಹಿಡಿದು ಬಂದರು. "ಬಿಸಿ ಆಗೈತೆ ಸಾ, ಪಂಪಿನ್ ಮ್ಯಾಲೆ ಇದ್ನ ಹಾಕಿ, ಒಸಿ ಹೊತ್ತು ಆರಾಕ್ ಬಿಡಿ, ತಾನೇ ಎದ್ಕಂತದೆ." ಲಾರಿ, ಟ್ಯಾಕ್ಸಿ ಓಡಿಸಿದವರಿಂದ ಬಂದ ತಿಳಿವಳಿಕೆ ಅದು, ಸುಳ್ಳಲ್ಲ. ಆದರೆ ಪೂರ್ತಿ ಆರಿದರೆ ಕಾರು ಎದ್ದೀತು, ಕಾರಣ ಮಾತ್ರ ಸಿಕ್ಕದು. ಈ ಕಾಯಿಲೆಯ ಗುರುತೆಲ್ಲ ಇರುವುದು ಆ ಕಾಲು ಗಂಟೆಯ ಬಿಸಿಯಲ್ಲೇ. ಅಷ್ಟರಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸಬೇಕು.

ಮೊದಲು ಕಿವಿಗೆ ಕೆಲಸ. ಸೆಲ್ಫ್ ಚುರುಕಾಗಿ ಸುತ್ತುತ್ತಿದೆಯೋ, ಎಳೆದೆಳೆದು ಸುತ್ತುತ್ತಿದೆಯೋ? ಎಳೆಯುತ್ತಿದ್ದರೆ ಬ್ಯಾಟರಿ, ಅರ್ತಿನ ಪಟ್ಟಿ, ಮೋಟಾರು ನೋಡಬೇಕು. ನನ್ನದು ಚುರುಕಾಗಿಯೇ ಇತ್ತು. ಆಮೇಲೆ ಮೂಗು. ಪೆಟ್ರೋಲ್ ವಾಸನೆ ಘಮ್ಮೆಂದು ಬಂದರೆ ಕಿಡಿ ಪರೀಕ್ಷೆಗೆ ಕೈಹಾಕಲೇಬಾರದು, ಬೆಂಕಿಯ ಜೊತೆ ಸಲಿಗೆ ಬೇಡ. ವಾಸನೆ ಇರಲಿಲ್ಲ. ಸದಾ ಜೊತೆಗಿರುವ ಇನ್ನೊಂದು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿಟ್ಟು ಸೆಲ್ಫ್ ಹೊಡೆಸಿದೆ. ಚಟಚಟನೆ ನೀಲಿಯಾಗಿ ಹಾರಬೇಕಾದ ಕಿಡಿ ಹಳದಿಗೆ ತಿರುಗಿ ಬಡವಾಗಿತ್ತು. ಆ ಬಣ್ಣ ಕಂಡ ಗಳಿಗೆಯ ಸುಖಕ್ಕಾಗಿಯೇ ನಾನು ಈ ಕಾರನ್ನು ಇಟ್ಟುಕೊಂಡಿದ್ದೇನೆ ಅಂದರೂ ತಪ್ಪಿಲ್ಲ. ಕಾರ್ಬೊರೇಟರಿನ ಬಾಯಿಗೆ ಇಣುಕಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಸರ್ರನೆ ಚಿಮ್ಮಿತು. ಬಟ್ಟಲು ಬತ್ತಿಲ್ಲ. ಹಾಗಾದರೆ ಕಾಯಿಲೋ ಕಂಡೆನ್ಸರೋ?

ಮೀಟರ್ ಇಲ್ಲಿ ಪೂರ್ತಿ ನೆರವಾಗದು. ತಣ್ಣಗಿರುವಾಗ 3 ಓಮ್ ತೋರುವ ಕಾಯಿಲ್ 60 ಡಿಗ್ರಿ ಹೆಚ್ಚು ಬಿಸಿಯಾದಾಗ 3.7 ತೋರಿದರೆ ಅದು ತಾಮ್ರದ ಸಹಜ ಗುಣ, ದೋಷವಲ್ಲ. ಒಳಗಿನ ಇನ್ಸುಲೇಷನ್ ಸಾವಿರಾರು ವೋಲ್ಟಿನ ಒತ್ತಡದಲ್ಲಿ ಸೋರುವುದನ್ನು ಜೇಬಿನ ಮೀಟರ್ ಕಾಣಲಾರದು.

"ಪಂಪಿನ ಮೇಲೆ ಬೇಡಣ್ಣ, ಆ ಬಟ್ಟೆ ಇಲ್ಲಿ ಕೊಡಿ" ಎಂದು ಅದನ್ನು ಚೆನ್ನಾಗಿ ಹಿಂಡಿ ಕಾಯಿಲಿನ ಡಬ್ಬಿಗೆ ಸುತ್ತಿದೆ, ಮೇಲಿನ ವೈರಿಗೆ ನೀರು ತಾಗದಂತೆ. ಕಂಡೆನ್ಸರ್, ಪಾಯಿಂಟ್, ಪಂಪು, ಕಾರ್ಬೊರೇಟರ್ ಎಲ್ಲ ಬಿಸಿಯಾಗಿಯೇ ಉಳಿದವು, ಆರಿದ್ದು ಕಾಯಿಲ್ ಒಂದೇ. ಆಗಾಗ ಬಟ್ಟೆ ಬದಲಿಸುತ್ತ ತುಸು ಹೊತ್ತು ಕಾದು ಮತ್ತೆ ಪ್ಲಗ್ ತಾಗಿಸಿದರೆ ಕಿಡಿ ನೀಲಿ! ವೈರನ್ನು ಅದರ ಜಾಗಕ್ಕೆ ಸಿಕ್ಕಿಸಿ ಕೀ ತಿರುಗಿಸಿದ್ದಕ್ಕೆ ಇಂಜಿನ್ ಹತ್ತಿಕೊಂಡಿತು. ಇಡೀ ಇಂಜಿನ್ನನ್ನು ಆರಿಸಿದ್ದರೆ ಇಷ್ಟು ಖಚಿತವಾಗಿ ಯಾರ ಮೇಲೂ ಬೆರಳು ತೋರಿಸಲು ಆಗುತ್ತಿರಲಿಲ್ಲ. ಟೀ ಅಂಗಡಿಯವರ ಮುಖದಲ್ಲೂ ನನ್ನಷ್ಟೇ ಸಂತೋಷವಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಕಾಯಿಲ್ ತಂದು, ಈ ಸಲ ಇಂಜಿನ್ನಿನಿಂದ ದೂರ, ಮಡ್‌ಗಾರ್ಡಿನ ಒಳಮೈಗೆ ಕೂರಿಸಿದೆ. ಅಂದಿನಿಂದ ಕಿಡಿಯ ಚಿಂತೆಯಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಮಾತ್ರ ಒಮ್ಮೊಮ್ಮೆ ಬಟ್ಟಲು ಕುದಿದು ಉಕ್ಕುತ್ತದೆ. ಆಗ ವಾಸನೆ ಆರುವವರೆಗೆ ಬಾನೆಟ್ ತೆರೆದಿಡುತ್ತೇನೆ. ಆಮೇಲೆ ಆಕ್ಸಿಲರೇಟರನ್ನು ಪಟಪಟನೆ ತುಳಿಯದೆ, ಒಂದೇ ಸಲ ತಳಮುಟ್ಟ ಒತ್ತಿ ಹಿಡಿದು ಸೆಲ್ಫ್ ಹೊಡೆಯುತ್ತೇನೆ. ತುಳಿದಷ್ಟೂ ಪೆಟ್ರೋಲ್ ಮತ್ತೆ ಸುರಿಯುತ್ತದೆ. ಒತ್ತಿ ಹಿಡಿದರೆ ಗಾಳಿ ಧಾರಾಳವಾಗಿ ನುಗ್ಗಿ ಹೆಚ್ಚಾದದ್ದನ್ನು ಹೊರಗೆ ತಳ್ಳುತ್ತದೆ. ಒಂದು ಸಿಲಿಂಡರ್ ಮೊದಲು ಕೆಮ್ಮುತ್ತದೆ, ಆಮೇಲೆ ಎರಡು, ಆಮೇಲೆ ನಾಲ್ಕೂ.